ಸೀಳುನಾಯಿ ಲೆಕ್ಕದ ಐದನೆಯ ಸಾಲು

ಒಂದೂರಲ್ಲಿ ಒಂದು ದೊಡ್ಡ ಮನೆ ಇತ್ತಂತೆ. ಆ ಮನೆಗೆ ನಲವತ್ತು ಮಂದಿ ಸೊಸೆಯರು, ಒಲೆ ಮಾತ್ರ ಒಂದೇ. ಒಬ್ಬಳಿಗೆ ಹಳೇ ಹುಣಸೆಹಣ್ಣೇ ಆಗಬೇಕು, ಇನ್ನೊಬ್ಬಳಿಗೆ ಹೊಸದೇ ಆಗಬೇಕು. ಒಬ್ಬಳ ಖಾರದಪುಡಿ ಇನ್ನೊಬ್ಬಳ ಸಾರಿಗೆ ಬಿದ್ದರೆ ಇಬ್ಬರದ್ದೂ ಕೆಟ್ಟಿತು. ಅದಕ್ಕೇ ಆ ಮನೆಯ ಉಗ್ರಾಣಕ್ಕೆ ಒಬ್ಬಳನ್ನು ಕೂರಿಸಿದ್ದರಂತೆ. ಸೊಸೆ ಬಂದು ಹೆಸರು ಹೇಳಿದರೆ ಅವಳ ಡಬ್ಬಿಯನ್ನಷ್ಟೇ ಎತ್ತಿಕೊಡುವುದು, ಅಡುಗೆ ಮುಗಿದ ಮೇಲೆ ಮತ್ತೆ ಹಲಗೆಯ ಮೇಲೆ ಇಡುವುದು, ಇಷ್ಟೇ ಅವಳ ಕೆಲಸ. ಹೀಗಿರುವಾಗ ಒಂದು ದಿನ ಉಗ್ರಾಣದಲ್ಲಿ ಜಾಗ ಸಾಲದೆ ಬಂತು. ಆರು ತಿಂಗಳಿಂದ ಯಾರೂ ಕೇಳದ ಡಬ್ಬಿಗಳನ್ನೆಲ್ಲ ಉಗ್ರಾಣದವಳು ಒಟ್ಟಿಗೆ ಹೊರಗೆ ಚೆಲ್ಲಿಬಿಟ್ಟಳು. ಅದರಲ್ಲಿ ಒಂದು, ಕಾಯಿಲೆ ಬಿದ್ದು ಮಲಗಿದ್ದ ಸೊಸೆಯದು.

ಈ ಕತೆಯನ್ನು ತೆರಕಣಾಂಬಿಯ ಶಿವರಂಜಿನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಅಜ್ಜಿ ದೊಡ್ಡಮಾದಮ್ಮನ ಮಗ್ಗುಲಲ್ಲಿ ಕತೆ ಕೇಳಿಕೊಂಡೇ ಬೆಳೆದವಳು ಅವಳು. ತಾನು ಮಾಡುವ ಕೆಲಸ ಏನೆಂದು ಅಜ್ಜಿಗೆ ತಿಳಿಸಲು ತಾನೇ ಕಟ್ಟಿದ್ದಳು. ಆಗ ಕಟ್ಟಿದ್ದು ಕತೆಯ ಅರ್ಧ ಮಾತ್ರ.

"ಅಂಗಾರೆ ನೀನು ಉಗ್ರಾಣದೋಳಾ?" ಎಂದು ದೊಡ್ಡಮಾದಮ್ಮ ಎಲೆಅಡಿಕೆ ತುಂಬಿದ ಬಾಯಲ್ಲೇ ನಕ್ಕಿದ್ದಳು. "ಎಂಜಿನೇರು ಓದ್ಸಿ ಡಬ್ಬಿ ಎತ್ಕೊಡಕ್ಕೆ ಕಳ್ಸ್‌ಬುಟ್ಟಾ ನಿಮ್ಮಪ್ಪ?"

"ಊಂ ಕಣಜ್ಜಿ. ಡಬ್ಬಿ ತಪ್ಪೋದ್ರೆ ನಲವತ್ತು ಜನದ ಸಾರು ಕೆಟ್ಟೋಯ್ತದೆ."

"ಉಸಾರು ಮತ್ತೆ," ಎಂದಿದ್ದಳು ಅಜ್ಜಿ.

ಕತೆಯ ಉಳಿದರ್ಧ ಈ ವರ್ಷ ತಾನಾಗಿ ಬಂದು ಸೇರಿಕೊಂಡಿತು.

ಶಿವರಂಜಿನಿಯ ಉಗ್ರಾಣ ಇದ್ದದ್ದು ಚಾಮರಾಜನಗರದ ಹೊರಗಿನ ಒಂದು ಗಣಕ ಕೇಂದ್ರದಲ್ಲಿ. ಗಾಜಿನ ಗೋಡೆಯ ಹಿಂದೆ ಬೀರುಗಳ ಹಾಗೆ ಸಾಲಾಗಿ ನಿಂತ ಕಂಪ್ಯೂಟರುಗಳು ಎಲ್ಲವೂ ಸೇರಿ ಒಂದೇ ಯಂತ್ರದಂತೆ ದುಡಿಯುತ್ತಿದ್ದವು. ಕ್ಲಸ್ಟರ್ ಎಂದು ಅದನ್ನು ಕರೆಯುತ್ತಿದ್ದರು. ಮಣ್ಣಿನ ಲೆಕ್ಕದವರು, ಮಳೆಯ ಲೆಕ್ಕದವರು, ಅರಿಶಿನದ ರೋಗ ನೋಡುವವರು ಎಲ್ಲರೂ ತಮ್ಮ ಲೆಕ್ಕವನ್ನು ಅದಕ್ಕೇ ಒಪ್ಪಿಸುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಸಾಫ್ಟ್‌ವೇರ್, ಅದರಲ್ಲೂ ಇಂಥದ್ದೇ ವರ್ಷನ್. ಅವನ್ನೆಲ್ಲ ಒಂದಕ್ಕೊಂದು ತಾಕದ ಹಾಗೆ ಮಾಡ್ಯೂಲುಗಳಾಗಿ ಕಟ್ಟಿ ಇಡುವುದು ಶಿವರಂಜಿನಿಯ ಪಾಲಿನ ಕೆಲಸ. ಬಂದವರು ಹೆಸರು ಟೈಪ್ ಮಾಡಿ ಮಾಡ್ಯೂಲನ್ನು ಲೋಡ್ ಮಾಡಿಕೊಂಡರೆ, ಅವರವರ ಡಬ್ಬಿ ಅವರವರಿಗೆ ಸಿಗುತ್ತಿತ್ತು.

ಭಾನುವಿನ ಡಬ್ಬಿಯ ಹೆಸರು 'ಸಿಳ್ಳೆ 1.4'.

ಭಾನು ಗುಂಡ್ಲುಪೇಟೆಯವಳು. ಅಪ್ಪ ಪುಟ್ಟಮಾದು ಬಂಡೀಪುರದಲ್ಲಿ ಫಾರೆಸ್ಟ್ ವಾಚರ್. ಸೀಳುನಾಯಿಗಳು ಬೊಗಳುವುದಕ್ಕಿಂತ ಹೆಚ್ಚಾಗಿ ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ, ಒಂದರ ಸಿಳ್ಳೆ ಇನ್ನೊಂದರ ಹಾಗೆ ಇರುವುದಿಲ್ಲ ಎಂದು ಅವಳಿಗೆ ಚಿಕ್ಕಂದಿನಲ್ಲೇ ಕಿವಿಯ ಹತ್ತಿರ ಊದಿ ತೋರಿಸಿದವನು ಅವನೇ. ಮಗಳು ಅದನ್ನೇ ಓದಿನ ವಿಷಯ ಮಾಡಿಕೊಂಡಳು. ಬೇಸಿಗೆ ಹತ್ತುವ ಮೂರು ತಿಂಗಳು ಕಾಡಂಚಿನ ಮರಗಳಿಗೆ ಧ್ವನಿ ಹಿಡಿಯುವ ಇಪ್ಪತ್ತು ಡಬ್ಬಗಳನ್ನು ಅಪ್ಪ ಮಗಳು ಸೇರಿ ಕಟ್ಟುತ್ತಿದ್ದರು. ಅವುಗಳೊಳಗಿನ ಸದ್ದನ್ನೆಲ್ಲ ಕ್ಲಸ್ಟರಿಗೆ ಹಾಕಿ, ಸಿಳ್ಳೆಗಳನ್ನು ಬೇರೆ ಮಾಡಿ, ಎಷ್ಟು ನಾಯಿಗಳಿವೆ ಎಂದು ಅವಳು ಎಣಿಸುತ್ತಿದ್ದಳು. ಮೊದಲ ವರ್ಷ ಮೂವತ್ತೆಂಟು. ಆಮೇಲೆ ಮೂವತ್ತೈದು, ಮೂವತ್ಮೂರು, ಮೂವತ್ತೊಂದು. ಐದು ವರ್ಷದ ಲೆಕ್ಕ ಪೂರ್ತಿಯಾದರೆ ಅವಳ ಪುಸ್ತಕ ಮುಗಿಯುತ್ತಿತ್ತು.

ಇಬ್ಬರೂ ಓಡಾಡುತ್ತಿದ್ದದ್ದು ಒಂದೇ ಬಸ್ಸಿನಲ್ಲಿ. ಭಾನು ಗುಂಡ್ಲುಪೇಟೆಯಲ್ಲೇ ಹತ್ತಿ ಪಕ್ಕದ ಸೀಟಿನ ಮೇಲೆ ಟಿಫಿನ್ ಚೀಲ ಇಟ್ಟಿರುತ್ತಿದ್ದಳು. ತೆರಕಣಾಂಬಿ ಬರುವವರೆಗೂ ಆ ಸೀಟಿಗಾಗಿ ದಿನಕ್ಕೊಬ್ಬರ ಹತ್ತಿರ ಜಗಳ.

"ಅದ್ಯಾವ ಮಾರಾಣಿಗೆ ಮಡಿಕ್ಕಂಡಿದ್ದೀಯವ್ವ ಸೀಟ್ನ?" ಎಂದು ಈರುಳ್ಳಿ ಮಂಡಿಗೆ ಹೋಗುವ ಹೆಂಗಸರು ಕೇಳಿದರೆ, "ಬತ್ತಾಳೆ ಕಣಕ್ಕ, ಕಿರೀಟ ಇಕ್ಕತಾ ಅವ್ಳೆ," ಎನ್ನುತ್ತಿದ್ದಳು.

ಐದು ವರ್ಷಗಳ ಹಿಂದೆ 'ಸಿಳ್ಳೆ 1.4' ಅನ್ನು ಕ್ಲಸ್ಟರಿನಲ್ಲಿ ಕೂರಿಸಲು ಇಬ್ಬರಿಗೂ ಒಂಬತ್ತು ದಿನ ಹಿಡಿದಿತ್ತು. ಅದಕ್ಕೆ ಏಳು ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಪ್ರೋಗ್ರಾಮಿನ ಕಂತೆಗಳು, ಬೇಕಿದ್ದವು, ಒಂದನ್ನು ಕಟ್ಟಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಒಂಬತ್ತನೆಯ ದಿನ ಅದು ಓಡಿದಾಗ ಭಾನು ಕುರ್ಚಿಯಿಂದೆದ್ದು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ್ದಳು. ಗಾಜಿನ ಕೋಣೆಯಲ್ಲಿದ್ದ ಮುಖ್ಯಸ್ಥ ಶಾಂತರಾಜು ಬೆಚ್ಚಿ ಕಾಫಿ ಚೆಲ್ಲಿಕೊಂಡಿದ್ದರು.

ನಾಲ್ಕನೆಯ ವರ್ಷದ ಲೆಕ್ಕ ಮುಗಿದ ಮೇಲೆ, ಜುಲೈನಲ್ಲಿ, ಭಾನುವಿಗೆ ರಕ್ತದ ಕಾಯಿಲೆ ಎಂದು ಗೊತ್ತಾಯಿತು. ಮೈಸೂರಿನ ಆಸ್ಪತ್ರೆಗೆ ಹೋದವಳು ಮತ್ತೆ ಬಸ್ಸು ಹತ್ತಲಿಲ್ಲ. ಆ ನವೆಂಬರಿನಲ್ಲಿ ಕ್ಲಸ್ಟರಿನ ಡಿಸ್ಕು ತುಂಬಿಕೊಂಡಿತು. ಶಾಂತರಾಜು ಹೇಳಿದಂತೆ ಶಿವರಂಜಿನಿ ಒಂದು ಹೊಸ ನಿಯಮ ಬರೆದಳು. ನೂರ ಎಂಬತ್ತು ದಿನ ಯಾರೂ ಲೋಡ್ ಮಾಡದ ಮಾಡ್ಯೂಲ್ ಇದ್ದರೆ ಅದನ್ನು ಬಳಸುತ್ತಿದ್ದವರಿಗೆ ಯಂತ್ರವೇ ಮೇಲ್ ಕಳಿಸಬೇಕು. ಹದಿನೈದು ದಿನದೊಳಗೆ ಅವರು ಅದನ್ನು ಒಮ್ಮೆಯಾದರೂ ಲೋಡ್ ಮಾಡದಿದ್ದರೆ ಹೆಸರು ಪಟ್ಟಿಗೆ ಬರಬೇಕು. ಪಟ್ಟಿಯನ್ನು ಸಾಲು ಸಾಲಾಗಿ ನೋಡಿ ಶಿವರಂಜಿನಿ ಒಪ್ಪಿಗೆ ಕೊಟ್ಟರೆ ತೆಗೆಯಬೇಕು.

ಭಾನು ಮಾರ್ಚಿನಲ್ಲಿ ಒಂದು ಸಲ ಫೋನ್ ಮಾಡಿದ್ದಳು. ಶಿವರಂಜಿನಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದಳು.

"ರಂಜೂ, ಅಪ್ಪ ಒಬ್ನೇ ಇಪ್ಪತ್ತು ಡಬ್ಬನೂ ಕಟ್ಟವ್ನೆ ಕಣೆ. ನಾನು ಬ್ಯಾಡ ಅಂದ್ರೂ ಕೇಳ್ನಿಲ್ಲ." ಅವಳ ದನಿ ಹತ್ತಿಯಲ್ಲಿ ಸುತ್ತಿದಂತಿತ್ತು. "ಹಳೇಕಟ್ಟೆ ಕಡೆ ಒಸ ಗುಂಪು ಬಂದದೆ ಅಂತಾನೆ. ಕೇಳ್ದೇ ಇರೋ ಸಿಳ್ಳೆ ಕೇಳುಸ್ತಂತೆ. ಎಲ್ರೂ ನಗ್ತಾವ್ರಂತೆ, ವಯಸ್ಸಾಯ್ತು ಪುಟ್ಟಮಾದುಗೆ, ಕಿವಿ ಗುಯ್ಗುಟ್ತದೆ ಅಂತ. ನಿಜವಾ ಸುಳ್ಳಾ ನೋಡ್ಬೇಕು. ನಾ ಬರದಿದ್ರೆ ನೀ ಓಡ್ಸ್‌ಕೊಡ್ತೀಯಾ?"

"ನೀನೇ ಬತ್ತೀಯ ಬುಡು."

"ಓಡ್ಸ್‌ಕೊಡ್ತೀಯಾ ಅಂದ್ರೆ."

"ಓಡ್ಸ್‌ತೀನಿ ಕಣೆ. ಮಾತು ಕೊಟ್ಟೆ."

"ಸಿಳ್ಳೆ ಅದೆ ತಾನೆ? ಅದ್ರಲ್ಲೇ ಓಡ್ಸು. ಬ್ಯಾರೆ ಸೇರಲ್ಲಿ ಅಳದ್ರೆ ಲೆಕ್ಕ ಕೂಡಲ್ಲ."

"ಅದೆ ಕಣೆ. ಎಲ್ಗೋಯ್ತದೆ?" ಎಂದಳು ಶಿವರಂಜಿನಿ.

ಏಪ್ರಿಲ್ ಹನ್ನೊಂದಕ್ಕೆ ಭಾನು ಹೋದಳು.

ತಿಥಿ ಮುಗಿದ ಮೇಲೆ ಪುಟ್ಟಮಾದು ಡಬ್ಬಗಳಿಂದ ತೆಗೆದ ಇಪ್ಪತ್ತು ಮೆಮೊರಿ ಕಾರ್ಡುಗಳನ್ನು ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕಿ ತಂದುಕೊಟ್ಟ. ಶಿವರಂಜಿನಿ ಅದನ್ನು ಮೇಜಿನ ಮೇಲಿಟ್ಟುಕೊಂಡಳು. ಇವತ್ತು ನಾಳೆ ಎಂದು ಮುಚ್ಚಳ ತೆಗೆಯಲಿಲ್ಲ. ಭಾನುವಿನ ಫೋಲ್ಡರ್ ತೆರೆಯಲು ಹೋದರೆ ಕೈ ಹಿಂದೆ ಬರುತ್ತಿತ್ತು. ಮೇ ತಿಂಗಳ ಹದಿನೇಳಕ್ಕೆ ಗಟ್ಟಿ ಮನಸ್ಸು ಮಾಡಿ ಕುಳಿತು ಮಾಡ್ಯೂಲ್ ಲೋಡ್ ಎಂದು ಬರೆದು ಸಿಳ್ಳೆಯ ಹೆಸರು ಹಾಕಿದಳು.

ಅಂಥ ಮಾಡ್ಯೂಲ್ ಇಲ್ಲ ಎಂದು ಯಂತ್ರ ಹೇಳಿತು.

ಹೆಸರು ತಪ್ಪಾಯಿತೇನೋ ಎಂದು ಮತ್ತೆ ಬರೆದಳು. ಮತ್ತೆ ಇಲ್ಲ ಎಂದಿತು. ತೆಗೆದುಹಾಕಿದವುಗಳ ಲಾಗ್ ಪಟ್ಟಿ ತೆರೆದಳು. ಜನವರಿ ಮೂವತ್ತು, ಮಧ್ಯಾಹ್ನ ಒಂದು ಐವತ್ತೆರಡು. ಅರವತ್ತಮೂರು ಮಾಡ್ಯೂಲುಗಳು ಒಟ್ಟಿಗೆ. ನಲವತ್ತೇಳನೆಯದು ಸಿಳ್ಳೆ 1.4. ಒಪ್ಪಿಗೆ ಕೊಟ್ಟವರು: ಶಿವರಂಜಿನಿ.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಭಾನುವನ್ನು ನೋಡಲು ಮೈಸೂರಿಗೆ ಹೋಗಬೇಕಿತ್ತು. ಒಳಗೆ ಬಿಡುತ್ತಿದ್ದದ್ದು ನಾಲ್ಕರಿಂದ ಆರರವರೆಗೆ ಮಾತ್ರ. ಎರಡು ಗಂಟೆಯ ಬಸ್ಸು ತಪ್ಪಿದರೆ ಆ ವಾರವೆಲ್ಲ ಆಗುತ್ತಿರಲಿಲ್ಲ. ಅರವತ್ತಮೂರು ಸಾಲುಗಳನ್ನು ಒಂದೊಂದಾಗಿ ನೋಡಲು ಹೊತ್ತಿಲ್ಲವೆಂದು 'ಎಲ್ಲವೂ' ಎಂಬ ಗುಂಡಿ ಒತ್ತಿ, ಚೀಲ ಹೆಗಲಿಗೆ ಹಾಕಿಕೊಂಡು ಓಡಿದ್ದಳು. ಆಸ್ಪತ್ರೆಯಲ್ಲಿ ಭಾನು ನಿದ್ದೆಯಲ್ಲಿದ್ದಳು. ಎಬ್ಬಿಸಬಾರದು ಎಂದಿದ್ದರು. ಒಂದೂವರೆ ಗಂಟೆ ಅವಳ ಪಾದದ ಹತ್ತಿರ ಕುಳಿತು, ಕಿತ್ತಳೆಹಣ್ಣು ಇಟ್ಟು ಎದ್ದು ಬಂದಿದ್ದಳು.

ತೆಗೆದದ್ದರ ನಕಲು ತೊಂಬತ್ತು ದಿನ ಇರುತ್ತದೆ. ಬೆರಳು ಮಡಿಸಿ ಎಣಿಸಿದಳು. ಏಪ್ರಿಲ್ ಮೂವತ್ತಕ್ಕೆ ಅದೂ ಅಳಿಸಿಹೋಗಿತ್ತು. ಹಾರ್ಲಿಕ್ಸ್ ಬಾಟಲಿಯ ಮುಚ್ಚಳ ಹದಿನೇಳು ದಿನ ಮೊದಲು ತೆಗೆದಿದ್ದರೆ ಸಿಗುತ್ತಿತ್ತು.

ಶಾಂತರಾಜು ಬೈಯಲಿಲ್ಲ. ಅದೇ ಕಷ್ಟವಾಯಿತು.

"ಹೊಸ ಲೈಬ್ರರಿಗಳಿವೆಯಲ್ಲಮ್ಮ, ಅವುಗಳ ಮೇಲೇ ಓಡ್ಸಿ," ಎಂದರು.

"ನಾಲ್ಕನೇ ವರ್ಷದ್ದನ್ನ ಹಾಕಿ ನೋಡ್ದೆ ಸಾರ್. ಭಾನುಗೆ ಮೂವತ್ತೊಂದು ಬಂದಿತ್ತು. ಹೊಸದ್ರಲ್ಲಿ ಇಪ್ಪತ್ತೇಳು ಬರ್ತದೆ. ದೂರದ ಸಿಳ್ಳೆನೆಲ್ಲ ಗಾಳಿ ಅಂತ ಬಿಟ್ಬಿಡ್ತದೆ."

"ಹಂಗಾದ್ರೆ ಐದೂ ವರ್ಷದ್ದು ಹೊಸದ್ರಲ್ಲೇ ಮಾಡಿ. ಎಲ್ಲಾ ಒಂದೇ ಅಳತೆ ಆಗ್ತದೆ."

"ಮೊದಲೆರಡು ವರ್ಷದ ಸದ್ದೇ ಇಲ್ಲ ಸಾರ್. ಜಾಗ ಸಾಲ್ದು ಅಂತ ಅಳಿಸಿದ್ವಿ. ಅವಳ ಲೆಕ್ಕ ಒಂದೇ ಉಳಿದಿರೋದು."

ಶಾಂತರಾಜು ಕನ್ನಡಕ ತೆಗೆದು ಒರೆಸಿದರು. "ಜೂನ್ ಹದಿನೈದಕ್ಕೆ ಇಡೀ ಕ್ಲಸ್ಟರ್ ಹೊಸ ಸಿಸ್ಟಮ್ಮಿಗೆ ಹೋಗ್ತದೆ. ಆಮೇಲೆ ಹಳೇದು ಯಾವುದೂ ಇದರ ಮೇಲೆ ಕಟ್ಟಕ್ಕಾಗಲ್ಲ. ಗೊತ್ತಲ್ಲ?"

"ಗೊತ್ತು ಸಾರ್."

"ಕಟ್ಟಿ ಮತ್ತೆ. ಬೇರೆ ಕೆಲಸ ನಾನು ನೋಡ್ಕೋತೀನಿ."

ಭಾನು ಬರೆದ ಪ್ರೋಗ್ರಾಮು ಅವಳ ಫೋಲ್ಡರಿನಲ್ಲಿ ಕ್ಷೇಮವಾಗಿತ್ತು. ಇಲ್ಲದ್ದು ಅದನ್ನು ಹೊತ್ತುಕೊಂಡಿದ್ದ ಏಳು ಲೈಬ್ರರಿಗಳು, ಮತ್ತು ಅವನ್ನು ಯಾವುದಾದ ಮೇಲೆ ಯಾವುದು ಎಂದು ಕರೆಯುವ ಮಾಡ್ಯೂಲಿನ ಚೀಟಿ. ಏಳರ ಹೆಸರೂ ವರ್ಷನ್ನೂ ಶಿವರಂಜಿನಿಯ ನೋಟ್‌ಬುಕ್ಕಿನಲ್ಲಿದ್ದವು. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಹಳೆಯ ಕಂಪೈಲರಿನಿಂದ ಶುರುಮಾಡಿದಳು. ಒಂದೊಂದನ್ನೂ ಹುಡುಕಿ, ಇಳಿಸಿ, ಕಟ್ಟಿದಳು, ಮುರಿಯಿತು, ಮತ್ತೆ ಕಟ್ಟಿದಳು. ಅಂದು ಇಬ್ಬರಿಗೆ ಒಂಬತ್ತು ದಿನ ಹಿಡಿದಿದ್ದದ್ದು ಒಬ್ಬಳಿಗೆ ಹದಿನಾರು ದಿನ ಹಿಡಿಯಿತು. ನೋಟ್‌ಬುಕ್ಕಿನಲ್ಲಿ ಇದ್ದ ಹಾಗೆಯೇ, ಎ, ಬಿ, ಸಿ ಎಂದು ಅಕ್ಷರದ ಸಾಲಿನಲ್ಲಿ ಹೆಸರು ಜೋಡಿಸಿ ಚೀಟಿ ಬರೆದು, ನಾಲ್ಕನೆಯ ವರ್ಷದ ಸದ್ದನ್ನು ಹಾಕಿ ಕಾದಳು. ಮೂವತ್ತೊಂದು ಬಂದರೆ ಇದು ಅದೇ ಸಿಳ್ಳೆ.

ಇಪ್ಪತ್ತೊಂಬತ್ತು ಬಂತು.

ಮತ್ತೆ ಓಡಿಸಿದಳು. ಇಪ್ಪತ್ತೊಂಬತ್ತು. ಎರಡು ನಾಯಿಗಳು ಎಲ್ಲೋ ದಾರಿಯಲ್ಲಿ ಕಳೆದುಹೋಗುತ್ತಿದ್ದವು, ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಆರು ದಿನ ಹುಡುಕಿದಳು. ಹುಡುಕಲು ಇನ್ನೇನೂ ಉಳಿಯಲಿಲ್ಲ. ಜೂನ್ ಎಂಟರ ಭಾನುವಾರ, ಹೇಳದೆ ಇನ್ನು ಇರಲಾರೆ ಎನಿಸಿ ಗುಂಡ್ಲುಪೇಟೆಯ ಬಸ್ಸು ಹತ್ತಿದಳು.

ಪುಟ್ಟಮಾದು ಜಗುಲಿಯ ಮೇಲೆ ಇಪ್ಪತ್ತು ಡಬ್ಬಗಳನ್ನೂ ಹರಡಿಕೊಂಡು ಕೂತಿದ್ದ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೂಲೆಯ ಇರುವೆ ಗೂಡುಗಳನ್ನು ಕೆರೆದು ತೆಗೆಯುತ್ತಿದ್ದ. ಒಂದು ಡಬ್ಬದ ಮೂಲೆಯನ್ನು ಮುಸುವ ಕೋತಿ ಕಚ್ಚಿ ಕಿತ್ತಿತ್ತು.

"ಬಾ ಮಗಾ. ಸೀಟ್ ಸಿಕ್ತಾ?"

"ನಿಂತ್ಕಂಡೇ ಬಂದೆ ದೊಡ್ಡಪ್ಪ."

"ಊಂ. ಈಗ ಮಡಗೋರ್ಯಾರವ್ರೆ." ಡಬ್ಬ ಸರಿಸಿ ಜಾಗ ಮಾಡಿದ. "ಬಂತಾ ಲೆಕ್ಕ? ನಾಕ್ ಜನ ಆಡ್ಕಂಡು ನಗ್ತಾವ್ರೆ ಕಣವ್ವ. ಆ ವಾಚರ್ ರಂಗಸ್ವಾಮಿ ಅಂತೂ ನನ್ನ ಕಂಡೇಟ್ಗೆ ಸಿಳ್ಳೆ ಹಾಕ್ತಾನೆ, 'ಪುಟ್ಟಮಾದಣ್ಣ, ಇದು ಒಸಾದಾ ಅಳೇದಾ' ಅಂತ. ಡೂಟಿಲಿ ತಲೆ ಎತ್ತಂಗಿಲ್ಲ."

ಶಿವರಂಜಿನಿ ಹೇಳಿದಳು. ಡಿಸ್ಕು, ನಿಯಮ, ಪಟ್ಟಿ, ಎರಡು ಗಂಟೆಯ ಬಸ್ಸು, ಎಲ್ಲವನ್ನೂ ಹೇಳಿದಳು. ಅವನು ಬ್ರಷ್ಷು ಕೆಳಗಿಡಲಿಲ್ಲ, ಆದರೆ ಉಜ್ಜುವುದು ನಿಂತಿತು.

"ಯಾವತ್ತು ತಗ್ದಾಕ್ದೆ?"

"ಜನವರಿ ಮೂವತ್ತು ದೊಡ್ಡಪ್ಪ."

"ಅವತ್ತು ಉಸ್ರಾಡ್ತಿದ್ಲಲ್ಲವ್ವ ಅವ್ಳು."

ಅವಳು ಮೂಲೆ ಕಿತ್ತ ಡಬ್ಬವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಸತ್ತೋರ್ ಸಾಮಾನ ಎಸ್ಯದ ನೋಡಿವ್ನಿ. ಬದ್ಕಿರೋರ್ದ ಯಾರ್ ಎಸ್ದಾರು?" ದನಿ ಏರಿತು. "ಅದ್ರ ಮ್ಯಾಲೆ ಫೋನಲ್ಲಿ ಅದೆ ಅಂದ್ಯಲ್ಲ! ರಂಜು ಅದೆ ಅಂದ್ಲು ಕಣಪ್ಪ ಅಂತ ನಂಗೇಳುದ್ಲಲ್ಲ ಅವ್ಳು!"

"ಅದೆ ಅಂತ್ಲೇ ಅಂದ್ಕಂಡಿದ್ದೆ ದೊಡ್ಡಪ್ಪ. ನೋಡ್ನಿಲ್ಲ. ನೋಡ್ಬೇಕಿತ್ತು."

"ನಿಂಗೆ ಬರ್ದೂ ಇದ್ಲಲ್ಲ!"

"ನಂಗೇನೂ ಬರ್ನಿಲ್ಲ."

"ಸುಳ್ಳಾಡ್ಬ್ಯಾಡ ಕಣವ್ವ. ಸಂಕ್ರಾಂತಿ ಆದ್ಮೇಲೆ ಅದು. ನಾನೇ ಫೋನ್ ಇಡ್ಕಂಡಿದ್ದೆ. ಬಲಗೈಗೆ ಸೂಜಿ ಚುಚ್ಚಿದ್ರು, ಎಡಗೈನ ಒಂದೇ ಬೆರಳಲ್ಲಿ ಒತ್ತುದ್ಲು. ಅರ್ಧ ಗಂಟೆ ಒತ್ತುದ್ಲು. ಬೆವತೋಗಿದ್ಲು ಮಗು. 'ರಂಜುಗೆ ಬರ್ದೆ ಕಣಪ್ಪ, ಇನ್ನೇನ್ ಭಯ ಇಲ್ಲ' ಅಂತ ಮಲಿಕ್ಕಂಡ್ಲು."

ಶಿವರಂಜಿನಿ ಅಲ್ಲೇ ಫೋನ್ ತೆಗೆದು ತನ್ನ ಮೇಲುಗಳನ್ನೆಲ್ಲ ಜನವರಿಯವರೆಗೆ ಹಿಂದಕ್ಕೆ ನೂಕಿ ನೋಡಿದಳು. ಏನೂ ಇರಲಿಲ್ಲ. ಪುಟ್ಟಮಾದು ಅವಳ ಮುಖವನ್ನೇ ನೋಡುತ್ತಿದ್ದ. ಸುಳ್ಳಲ್ಲ ಎಂದು ಅವನಿಗೆ ತಿಳಿದಿರಬೇಕು, ಬ್ರಷ್ಷನ್ನು ಡಬ್ಬದೊಳಗೆ ಹಾಕಿದ. "ನಾನೂ ಅಂಗೇ ಕಣವ್ವ," ಎಂದ. "ಅವ್ಳ ತಾವ ಕೂತ್ಕಳದ ಬುಟ್ಟು ಮರ ಹತ್ತ್‌ಕಂಡು ಡಬ್ಬ ಕಟ್ತಿದ್ದೆ. ಅವ್ಳಿಗೆ ಸಂತೋಸ ಆಯ್ತದೆ ಅಂತ. ಮೂರ್ ಭಾನ್ವಾರ ಓಗ್ಲೇ ಇಲ್ಲ."

ಒಳಗಿನಿಂದ ಯಾರೋ ಮಜ್ಜಿಗೆ ತಂದಿಟ್ಟರು. ಇಬ್ಬರೂ ಕುಡಿಯಲಿಲ್ಲ.

ತಿರುಗಿ ಬರುವಾಗ ಬಸ್ಸು ಚೆಂಡುಹೂವಿನ ಹೊಲಗಳನ್ನು ದಾಟುವ ಹೊತ್ತಿಗೆ ಅವಳಿಗೆ ಹೊಳೆಯಿತು. ಸಂಕ್ರಾಂತಿ ಆದ ಮೇಲೆ ಭಾನುವಿಗೆ ಹೋಗಿದ್ದ ಮೇಲ್ ಯಾವುದು? ಯಂತ್ರ ಕಳಿಸಿದ್ದು. ಅದಕ್ಕೇ ಉತ್ತರ ಬರೆದಿದ್ದರೆ ಆ ಉತ್ತರ ಹೋಗಿರುವುದು ಯಂತ್ರದ ಪೆಟ್ಟಿಗೆಗೆ. ಆ ಪೆಟ್ಟಿಗೆಯನ್ನು ಮಾಡಿದವಳು ಶಿವರಂಜಿನಿಯೇ. ಯಾರೂ ತೆರೆಯುವುದಿಲ್ಲ ಎಂದು ಅದಕ್ಕೆ ಪಾಸ್‌ವರ್ಡನ್ನೂ ಸರಿಯಾಗಿ ಇಟ್ಟಿರಲಿಲ್ಲ.

ಸೋಮವಾರ ಬೆಳಿಗ್ಗೆ ಹೋದವಳೇ ತೆರೆದಳು. ಎರಡು ಸಾವಿರಕ್ಕೂ ಹೆಚ್ಚು ಕಾಗದಗಳು ಕೊಳೆಯುತ್ತಿದ್ದವು. ವಿಳಾಸ ಸಿಗದೆ ಹಿಂದಕ್ಕೆ ಬಂದವು, ರಜೆಯಲ್ಲಿದ್ದೇನೆ ಎಂದು ತಾನಾಗಿ ಬರೆದುಕೊಂಡವು. ಅವುಗಳ ನಡುವೆ ಜನವರಿ ಹದಿನೆಂಟರದ್ದು ಒಂದು, ಭಾನು ಬರೆದದ್ದು.

'ರಂಜೂ, ಇದು ಮಿಷಿನ್ ಕಳಿಸಿದ್ದು ಅಂತ ಗೊತ್ತು. ಆದ್ರೆ ಹಿಂದೆ ಕೂತಿರೋಳು ನೀನು ತಾನೆ. ಸಿಳ್ಳೆ ತೆಗೀಬೇಡ, ನನಗೆ ಬೇಕು. ನನ್ನ ಕೈಲಿ ಲೋಡ್ ಮಾಡಕ್ಕಾಗಲ್ಲ, ಇಲ್ಲಿ ಫೋನ್ ಒಂದೇ ಇರೋದು. ಇನ್ನೊಂದು ವಿಷಯ, ಬೈಬೇಡ. ನೀನು ಅಕ್ಷರದ ಸಾಲಲ್ಲಿ ಬರೆದಿದ್ದ ಚೀಟೀನ ನಾನು ಮೊದಲ ವರ್ಷವೇ ತಿದ್ದಿದ್ದೆ. ಸದ್ದಿನ ಅಲೆ ಬಿಡಿಸೋ ಲೈಬ್ರರಿ ನಿನ್ನ ಸಾಲಲ್ಲಿ ಮೂರನೇದು, ಅದನ್ನ ಕೊನೆಗೆ ಹಾಕಿದೀನಿ. ಇಲ್ಲದಿದ್ರೆ ಇನ್ನೊಂದರ ಹೊಟ್ಟೇಲಿರೋ ಅದೇ ಹೆಸರಿಂದು ಮುಂದೆ ಬಂದು ಕೂತ್ಕೊಳ್ಳುತ್ತೆ, ಸಣ್ಣ ಸಿಳ್ಳೆ ಬಿಟ್ಟೋಗ್ತವೆ. ನಿನ್ನ ಚೀಟಿ ಮುಟ್ಟಿದೆ ಅಂತ ನೀನು ಬೇಜಾರ್ ಮಾಡ್ಕೋತೀಯ ಅಂತ ಹೇಳಿರಲಿಲ್ಲ. ಕೈ ನೋಯ್ತದೆ. ಸೀಟ್ ಹಿಡಿದಿಟ್ಟಿರು, ಬರ್ತೀನಿ.'

ಶಾಂತರಾಜು ಹೊರಗೆ ಬಂದಾಗ ಶಿವರಂಜಿನಿ ಮೇಜಿನ ಮೇಲೆ ತಲೆಯಿಟ್ಟಿದ್ದಳು. ಅವರು ಪರದೆಯ ಮೇಲಿದ್ದದ್ದನ್ನು ಓದಿದರು, ಓದಿ ಒಂದು ಲೋಟ ನೀರು ತಂದಿಟ್ಟು ಒಳಗೆ ಹೋದರು.

ಅಷ್ಟು ಸಣ್ಣ ತಪ್ಪು ಅದು. ಒಂದೇ ಸಾಲನ್ನು ಮೂರನೆಯ ಜಾಗದಿಂದ ಎತ್ತಿ ಏಳನೆಯದಕ್ಕೆ ಇಡಬೇಕಿತ್ತು. ಮಾಡ್ಯೂಲುಗಳಲ್ಲಿ ಕೊನೆಗೆ ಲೋಡ್ ಆದದ್ದು ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. ಯಂತ್ರ ಮೊದಲು ನೋಡುವುದು ಅದನ್ನೇ. ಇದು ಶಿವರಂಜಿನಿಯೇ ಹೊಸಬರಿಗೆ ಹೇಳಿಕೊಡುತ್ತಿದ್ದ ಪಾಠ. ಹಾಗಿದ್ದೂ ಸಾಲು ನೇರವಾಗಿದ್ದರೆ ಸರಿಯಾಗಿದೆ ಎಂದು ಕಣ್ಣು ನಂಬಿತ್ತು. ಸಾಲು ಎತ್ತಿಟ್ಟಳು. ನಾಲ್ಕನೆಯ ವರ್ಷದ್ದನ್ನು ಹಾಕಿದಳು. ನಡುವೆ ಎರಡು ದಿನ ಬೇರೆಯವರ ಲೆಕ್ಕಗಳ ಸರದಿ ಇತ್ತು; ಕಾದಳು. ಗುರುವಾರ ಮಧ್ಯಾಹ್ನ ಉತ್ತರ ಬಂತು.

ಮೂವತ್ತೊಂದು.

ಹಾರ್ಲಿಕ್ಸ್ ಬಾಟಲಿಯ ಕಾರ್ಡುಗಳನ್ನು ಒಂದೊಂದಾಗಿ ಯಂತ್ರಕ್ಕೆ ಉಣಿಸಿ ಮುಗಿಸುವಷ್ಟರಲ್ಲಿ ಶುಕ್ರವಾರ ಕಳೆಯಿತು. ಶನಿವಾರ ಹದಿನಾಲ್ಕು. ಮಾರನೆಯ ದಿನ ಎಲ್ಲ ಬದಲಾಗುವುದಿತ್ತು. ಅವಳು ಫೋನ್ ಮಾಡಿ ಹೇಳಿದ್ದಕ್ಕೆ ಪುಟ್ಟಮಾದು ಡ್ಯೂಟಿಗೆ ರಜೆ ಹಾಕಿ ಖಾಕಿ ಅಂಗಿಯಲ್ಲೇ ಬಂದುಬಿಟ್ಟ. ಗಾಜಿನ ಗೋಡೆಗೆ ಅಂಗೈ ಒತ್ತಿ ಒಳಗೆ ನೋಡಿದ.

"ಇದ್ಕೂ ಏಸಿಯಾ?" ಎಂದ. "ಮಗು ಮಲಿಕ್ಕಂಡಿದ್ದ ವಾರ್ಡಲ್ಲಿ ಫ್ಯಾನೂ ತಿರುಗ್ತಿರ್ನಿಲ್ಲ."

ಬೆಳಿಗ್ಗೆ ಒಂಬತ್ತೂವರೆಗೆ ಓಟ ಶುರುವಾಯಿತು. ಅವಳು ಟೀ ತರಿಸಿದಳು, ಅವನು ಕುಡಿದ. ಮಧ್ಯಾಹ್ನ ಅವಳ ಡಬ್ಬಿಯ ಚಿತ್ರಾನ್ನವನ್ನು ಇಬ್ಬರೂ ತಿಂದರು. ಪರದೆಯ ಮೇಲೆ ಡಬ್ಬದ ನಂಬರುಗಳು ಒಂದೊಂದಾಗಿ ಬೀಳುತ್ತಿದ್ದವು. ಆರು, ಏಳು, ಎಂಟು.

"ಇದ್ರಲ್ಲಿ ನಂದೂ ದನಿ ಇರ್ತದೆ," ಎಂದ ಪುಟ್ಟಮಾದು. "ಡಬ್ಬ ಕಟ್ಬೇಕಾರೆ ಅವ್ಳ ಕೂಡೆ ಮಾತಾಡ್ತಿದ್ದೆ. ಕಟ್ಟಿವ್ನಿ ಕಣ್ ಮಗಾ, ಗಟ್ಟಿಯಾಗದೆ, ಅಂತ. ಅದ್ನೂ ನಾಯಿ ಅಂತ ಎಣುಸ್ಬುಡ್ತದಾ?"

"ಇಲ್ಲ ದೊಡ್ಡಪ್ಪ. ಮನುಷ್ಯರ ದನಿ ಬಿಟ್ಟು ಮುಂದಕ್ಕೋಯ್ತದೆ."

"ಬುಟ್ಬುಡ್ತದಾ." ಅವನು ತಲೆಯಾಡಿಸಿದ. "ಅಳುಸ್ಬ್ಯಾಡ ಕಣವ್ವ ಅದ," ಎಂದ.

"ಇಲ್ಲ."

ಮೂರು ಗಂಟೆ ದಾಟಿ ಹತ್ತು ನಿಮಿಷಕ್ಕೆ ಇಪ್ಪತ್ತನೆಯ ಡಬ್ಬ ಮುಗಿಯಿತು. ಪರದೆ ಒಂದು ಕ್ಷಣ ಏನೂ ಹೇಳದೆ ನಿಂತು ಆಮೇಲೆ ಉತ್ತರ ಬರೆಯಿತು. ಶಿವರಂಜಿನಿ ಅದನ್ನು ಎರಡು ಸಲ ಓದಿಕೊಂಡಳು. ಮೂರನೆಯ ಸಲ ಗಟ್ಟಿಯಾಗಿ ಓದಿದಳು.

"ಮೂವತ್ತಾರು. ಹಳೇ ಗುಂಪುಗಳಲ್ಲಿ ಮೂವತ್ತು. ಹಳೇಕಟ್ಟೆ ಕಡೆಯ ನಾಲ್ಕು ಡಬ್ಬದಲ್ಲಿ, ಇದುವರೆಗೂ ಕೇಳದೇ ಇದ್ದವು, ಆರು."

"ಆರಾ?" ಪುಟ್ಟಮಾದು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. "ನಾ ಐದು ಅಂದ್ಕಂಡಿದ್ದೆ." ಆಮೇಲೆ ಟೋಪಿಯಿಂದಲೇ ಮುಖ ಮುಚ್ಚಿಕೊಂಡ. ಅವನ ಬೆನ್ನು ಅಲುಗುವುದನ್ನು ನೋಡುತ್ತ ಅವಳು ಕೂತಿದ್ದಳು. ರಂಗಸ್ವಾಮಿಗೆ ಹೇಳಬಹುದು ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. ಇದನ್ನು ಕೇಳಿಸಬೇಕಾಗಿದ್ದದ್ದು ರಂಗಸ್ವಾಮಿಗಲ್ಲ, ಭಾನುವಿಗೆ.

ಅವನು ಮುಖ ಒರೆಸಿಕೊಂಡ ಮೇಲೆ ಅವಳು ಭಾನುವಿನ ಪಟ್ಟಿ ತೆರೆದಳು. ನಾಲ್ಕು ಸಾಲುಗಳಿದ್ದವು. ಪ್ರತಿ ಸಾಲಿನಲ್ಲೂ ವರ್ಷ, ನಾಯಿಗಳ ಸಂಖ್ಯೆ, ವರ್ಷನ್, ಕೊನೆಯಲ್ಲಿ ಓಡಿಸಿದವರ ಹೆಸರು. ನಾಲ್ಕರಲ್ಲೂ ಭಾನು, ಭಾನು, ಭಾನು, ಭಾನು. ಅವಳು ಐದನೆಯ ಸಾಲಿನಲ್ಲಿ ವರ್ಷ ಹಾಕಿದಳು. ಮೂವತ್ತಾರು ಎಂದು ಹಾಕಿದಳು. ಸಿಳ್ಳೆ 1.4 ಎಂದು ಹಾಕಿದಳು.

"ಅಲ್ಲೂ ಅವ್ಳ ಹೆಸ್ರೇ ಬರ್ದ್‌ಬುಡವ್ವ," ಎಂದ ಪುಟ್ಟಮಾದು. ಹೆಸರಿನ ಖಾಲಿ ಮನೆ ಯಾವುದೆಂದು ಅವನಿಗೆ ಮೇಲಿನ ಸಾಲು ನೋಡಿಯೇ ಗೊತ್ತಾಗಿತ್ತು.

ಅವಳ ಬೆರಳು ಕೀಲಿಯ ಮೇಲೆ ನಿಂತಿತು. ಬರೆಯಬೇಕೆಂದು ಅವಳಿಗೂ ಎಷ್ಟೋ ಆಸೆಯಿತ್ತು.

"ಸುಳ್ಳಾಯ್ತದೆ ದೊಡ್ಡಪ್ಪ. ಅವಳಿದ್ದಿದ್ರೆ ಒಪ್ತಿರ್ನಿಲ್ಲ."

ಪುಟ್ಟಮಾದು ಆ ನಾಲ್ಕು ಹೆಸರುಗಳನ್ನು ಬಹಳ ಹೊತ್ತು ನೋಡಿದ. "ಊಂ," ಎಂದ.

ಶಿವರಂಜಿನಿ ತನ್ನ ಹೆಸರು ಬರೆದಳು. ಒಮ್ಮೆ ಓದಿಕೊಂಡು ಸೇವ್ ಮಾಡಿದಳು.